ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಬೀಟಲ್ಸ್ ತಂಡದ ಕೊನೆಯ ಕಚೇರಿ

'ದಿ ಬೀಟಲ್ಸ್' ಇಂಗ್ಲೆಂಡಿನ ಲಿವರ್‌ಪೂಲ್ ನಗರದ ರಾಕ್ ಸಂಗೀತ ತಂಡ. ಟಿಕೆಟು ಪಡೆದು ಬಂದ ಪ್ರೇಕ್ಷಕರ ಮುಂದೆ ಈ ತಂಡವು ನೀಡಿದ ಕೊನೆಯ ಸಂಗೀತ ಕಚೇರಿಯು 1966ರ ಆಗಸ್ಟ್ 29ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಕ್ರೀಡಾಂಗಣದಲ್ಲಿ ನಡೆಯಿತು. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೊ ಸ್ಟಾರ್ ಸುಮಾರು 33 ನಿಮಿಷಗಳಲ್ಲಿ 11 ಹಾಡುಗಳನ್ನು ಹಾಡಿ ವೇದಿಕೆಯಿಂದ ಇಳಿದರು. ಇದು ಕೊನೆಯ ಕಚೇರಿ ಎಂಬ ಘೋಷಣೆ ಮೊದಲೂ ಇರಲಿಲ್ಲ, ಅಂದೂ ಆಗಲಿಲ್ಲ. ಆದುದರಿಂದ ಇದನ್ನು 'ವಿದಾಯದ ರಾತ್ರಿ'ಯಾಗಿ ಕಾಣುವ ನೆನಪು ಅಂದು ಹುಟ್ಟಿದ್ದಲ್ಲ. ಮುಂದಿನ ವರ್ಷಗಳಲ್ಲಿ ಬೆಳೆದು ಬಂದದ್ದು. ತಂಡವು ಒಡೆದ ಸುದ್ದಿ ಬಹಿರಂಗವಾದದ್ದು 1970ರಲ್ಲಿ.

ಹಿನ್ನೆಲೆ

1963ರಿಂದ 1966ರವರೆಗೆ ಬೀಟಲ್ಸ್ ತಂಡವು ಬಿಡುವಿಲ್ಲದೆ ಪ್ರವಾಸದಲ್ಲಿತ್ತು. ಪ್ರೇಕ್ಷಕರ ಸಂಖ್ಯೆ ಹೆಚ್ಚಿದಂತೆ ಕಚೇರಿಗಳು ಸಭಾಂಗಣಗಳಿಂದ ಕ್ರೀಡಾಂಗಣಗಳಿಗೆ ಸ್ಥಳಾಂತರಗೊಂಡವು. ಆದರೆ ಅಂದಿನ ಧ್ವನಿವರ್ಧಕಗಳು ಅಷ್ಟು ವಿಶಾಲವಾದ ಬಯಲಿಗೆ ಸಾಲುತ್ತಿರಲಿಲ್ಲ. ಗಾಯಕರಿಗೆ ತಮ್ಮದೇ ಧ್ವನಿಯನ್ನು ಕೇಳಿಸುವ, ವೇದಿಕೆಯತ್ತ ಮುಖಮಾಡಿದ ಧ್ವನಿವರ್ಧಕಗಳ ಬಳಕೆಯೂ ಆಗ ರೂಢಿಗೆ ಬಂದಿರಲಿಲ್ಲ. ಅಭಿಮಾನಿಗಳ ಕೂಗಿನಲ್ಲಿ ಹಾಡು ಮುಳುಗಿಹೋಗುತ್ತಿತ್ತು. ಡ್ರಮ್ಸ್ ನುಡಿಸುತ್ತಿದ್ದ ಸ್ಟಾರ್, ಮುಂದೆ ನಿಂತ ಮೂವರ ಬೆನ್ನಿನ ಚಲನೆಯನ್ನು ನೋಡಿ ಹಾಡು ಎಲ್ಲಿಗೆ ಬಂದಿದೆಯೆಂದು ಊಹಿಸಬೇಕಾಗುತ್ತಿತ್ತು.

1966ರ ಬೇಸಿಗೆಯ ಘಟನೆಗಳು ತಂಡದ ಬೇಸರವನ್ನು ಹೆಚ್ಚಿಸಿದವು. ಜುಲೈ 4ರಂದು ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಕಚೇರಿಗಳು ನಡೆದವು. ಅಲ್ಲಿನ ಅಧ್ಯಕ್ಷರ ಪತ್ನಿ ಇಮೆಲ್ಡಾ ಮಾರ್ಕೊಸ್ ಏರ್ಪಡಿಸಿದ್ದ ಅರಮನೆಯ ಕೂಟಕ್ಕೆ ತಂಡವು ಹೋಗಲಿಲ್ಲವೆಂಬ ಕಾರಣಕ್ಕೆ ಜನರ ಕೋಪವನ್ನು ಎದುರಿಸಿ ದೇಶ ಬಿಡಬೇಕಾಯಿತು. ಮರಳುವ ದಾರಿಯಲ್ಲಿ ಅವರು ದೆಹಲಿಯಲ್ಲಿ ತಂಗಿದರು. ಹ್ಯಾರಿಸನ್ ಅಲ್ಲಿನ ರಿಖಿ ರಾಮ್ ವಾದ್ಯದಂಗಡಿಯಲ್ಲಿ ಸಿತಾರ್ ಕೊಂಡರು. ಪ್ರವಾಸಗಳನ್ನು ನಿಲ್ಲಿಸಬೇಕೆಂಬ ಮಾತು ಈ ಹೊತ್ತಿಗೆ ತಂಡದೊಳಗೆ ಬಲವಾಗಿತ್ತು.

ಅದೇ ವರ್ಷದ ಮಾರ್ಚ್‌ನಲ್ಲಿ ಲಂಡನ್ನಿನ 'ಈವ್ನಿಂಗ್ ಸ್ಟ್ಯಾಂಡರ್ಡ್' ಪತ್ರಿಕೆಯಲ್ಲಿ ಲೆನನ್ ಅವರ ಸಂದರ್ಶನ ಪ್ರಕಟವಾಗಿತ್ತು. ತಮ್ಮ ತಂಡದ ಜನಪ್ರಿಯತೆಯನ್ನು ಏಸುಕ್ರಿಸ್ತನೊಂದಿಗೆ ಹೋಲಿಸಿದ ಅದರ ಮಾತನ್ನು ಅಮೆರಿಕದ 'ಡೇಟ್‌ಬುಕ್' ಪತ್ರಿಕೆ ಮರುಮುದ್ರಿಸಿದಾಗ ಆ ದೇಶದ ದಕ್ಷಿಣ ರಾಜ್ಯಗಳಲ್ಲಿ ಬೀಟಲ್ಸ್ ಧ್ವನಿಮುದ್ರಿಕೆಗಳನ್ನು ಸುಡಲಾಯಿತು. ಆಗಸ್ಟ್‌ನಲ್ಲಿ ಆರಂಭವಾದ ಅಮೆರಿಕ ಪ್ರವಾಸದ ಮೊದಲಿಗೆ ಲೆನನ್ ಶಿಕಾಗೊ ನಗರದಲ್ಲಿ ವಿಷಾದ ವ್ಯಕ್ತಪಡಿಸಿದರು. ಆಗಸ್ಟ್ 19ರಂದು ಮೆಂಫಿಸ್ ನಗರದ ಕಚೇರಿಯಲ್ಲಿ ಯಾರೋ ಪಟಾಕಿ ಸಿಡಿಸಿದಾಗ, ಗುಂಡು ಹಾರಿತೆಂದು ಭಾವಿಸಿ ತಂಡದ ಸದಸ್ಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಸಂಗೀತದ ಕಾರಣವೂ ಇತ್ತು. ಆ ತಿಂಗಳು ಬಿಡುಗಡೆಯಾದ 'ರಿವಾಲ್ವರ್' ಸಂಗ್ರಹದ ಹಾಡುಗಳಲ್ಲಿ ತಿರುವುಮುರುವಾಗಿ ಓಡುವ ಟೇಪು, ತಂತಿವಾದ್ಯಗಳ ಮೇಳ, ಭಾರತೀಯ ವಾದ್ಯಗಳು ಬಳಕೆಯಾಗಿದ್ದವು. ಮೂರು ಗಿಟಾರು ಮತ್ತು ಒಂದು ಡ್ರಮ್ಸ್‌ನಿಂದ ಇವನ್ನು ವೇದಿಕೆಯಲ್ಲಿ ಮೂಡಿಸುವುದು ಕಷ್ಟವಾಗಿತ್ತು. ಹೊಸ ಸಂಗ್ರಹವು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದರೂ ಅದರ ಒಂದು ಹಾಡನ್ನೂ ತಂಡವು ಈ ಪ್ರವಾಸದಲ್ಲಿ ಹಾಡಲಿಲ್ಲ.

ಕಚೇರಿ

ಕ್ಯಾಂಡಲ್‌ಸ್ಟಿಕ್ ಪಾರ್ಕ್ ಕೊಲ್ಲಿಯ ದಡದಲ್ಲಿದ್ದ ಬೇಸ್‌ಬಾಲ್ ಕ್ರೀಡಾಂಗಣ. ಬೇಸಿಗೆಯಲ್ಲಿಯೂ ಬೀಸುವ ತಣ್ಣನೆಯ ಗಾಳಿಗೆ ಹೆಸರಾಗಿತ್ತು. 42,500 ಆಸನಗಳಿದ್ದರೂ ಮಾರಾಟವಾದ ಟಿಕೆಟುಗಳು ಸುಮಾರು 25,000 ಮಾತ್ರ. ಹೀಗಾಗಿ ಸ್ಥಳೀಯ ಆಯೋಜಕರು ನಷ್ಟ ಅನುಭವಿಸಿದರು. ಮೈದಾನದ ನಡುವೆ ಐದು ಅಡಿ ಎತ್ತರದ ವೇದಿಕೆಯನ್ನು ಕಟ್ಟಿ, ಅದರ ಸುತ್ತ ಆರು ಅಡಿ ಎತ್ತರದ ತಂತಿಬೇಲಿ ಹಾಕಲಾಗಿತ್ತು. ಮೈದಾನದೊಳಗೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಬೇಲಿ ದಾಟಿ ಓಡಿಬಂದ ಕೆಲವರನ್ನು ಕಾವಲಿನವರು ತಡೆದರು.

'ದಿ ರಿಮೇನ್ಸ್', ಬಾಬಿ ಹೆಬ್, 'ದಿ ಸರ್ಕಲ್' ಮತ್ತು 'ದಿ ರೋನೆಟ್ಸ್' ಮೊದಲು ಹಾಡಿದರು. ರಾತ್ರಿ ಒಂಬತ್ತೂವರೆಯ ಸುಮಾರಿಗೆ ವೇದಿಕೆ ಏರಿದ ಬೀಟಲ್ಸ್, ಚಕ್ ಬೆರಿ ಅವರ 'ರಾಕ್ ಅಂಡ್ ರೋಲ್ ಮ್ಯೂಸಿಕ್' ಹಾಡಿನಿಂದ ಆರಂಭಿಸಿ 'ಲಾಂಗ್ ಟಾಲ್ ಸ್ಯಾಲಿ' ಹಾಡಿನಿಂದ ಮುಗಿಸಿದರು. ಇದು ಕೊನೆಯದೆಂಬ ಅರಿವು ಸದಸ್ಯರಿಗೆ ಇತ್ತೆಂಬುದಕ್ಕೆ ಒಂದು ಕುರುಹು ಉಂಟು: ಹಾಡುಗಳ ನಡುವೆ ಅವರು ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತು, ಜೊತೆಗೆ ತಂದಿದ್ದ ಕ್ಯಾಮೆರಾದಿಂದ ತಮ್ಮದೇ ಚಿತ್ರವನ್ನು ತೆಗೆದುಕೊಂಡರು. ಗ್ಯಾಲರಿಯಲ್ಲಿದ್ದವರಿಗೆ ಅದರ ಅರ್ಥ ತಿಳಿಯುವಂತಿರಲಿಲ್ಲ. ಕಚೇರಿ ಮುಗಿಯುತ್ತಲೇ ಕವಚ ಹೊದಿಸಿದ ವಾಹನವೊಂದು ನಾಲ್ವರನ್ನೂ ಹೊರಗೆ ಕರೆದೊಯ್ದಿತು. ಮರಳುವ ವಿಮಾನದಲ್ಲಿ ಹ್ಯಾರಿಸನ್, ತಾನಿನ್ನು ಬೀಟಲ್ ಅಲ್ಲವೆಂಬರ್ಥದ ಮಾತನ್ನು ಆಡಿದರೆಂದು ಜೊತೆಗಿದ್ದವರು ನೆನೆದಿದ್ದಾರೆ.

ಅಪೂರ್ಣ ಧ್ವನಿಮುದ್ರಣ

ತಂಡದ ಪತ್ರಿಕಾ ಪ್ರತಿನಿಧಿ ಟೋನಿ ಬ್ಯಾರೊ ಅವರು ಮೆಕಾರ್ಟ್ನಿ ಅವರ ಕೋರಿಕೆಯ ಮೇರೆಗೆ ಈ ಕಚೇರಿಯನ್ನು ಸಣ್ಣ ಕ್ಯಾಸೆಟ್ ಯಂತ್ರದಲ್ಲಿ ಮುದ್ರಿಸಿಕೊಂಡರು. ಕ್ಯಾಸೆಟ್ಟಿನ ಒಂದು ಬದಿಯಲ್ಲಿ 30 ನಿಮಿಷಗಳಿಗಷ್ಟೇ ಜಾಗವಿತ್ತು. ಕಚೇರಿ ಅದಕ್ಕಿಂತ ತುಸು ದೀರ್ಘವಾಗಿತ್ತು. ಪರಿಣಾಮವಾಗಿ ಕೊನೆಯ ಹಾಡಿನ ನಡುವೆಯೇ ಟೇಪು ಮುಗಿದುಹೋಯಿತು. ಮೂಲ ಪ್ರತಿಯನ್ನು ಮೆಕಾರ್ಟ್ನಿಗೆ ಕೊಟ್ಟು, ನಕಲೊಂದನ್ನು ತಮ್ಮ ಮೇಜಿನಲ್ಲಿ ಬೀಗ ಹಾಕಿ ಇಟ್ಟಿದ್ದಾಗಿ ಬ್ಯಾರೊ ಹೇಳಿದ್ದಾರೆ. ಆದರೂ ಮುಂದೆ ಅನಧಿಕೃತ ಪ್ರತಿಗಳು ಅಭಿಮಾನಿಗಳ ಕೈಗೆ ಸಿಕ್ಕವು. ಬೀಟಲ್ಸ್ ತಂಡದ ಕೊನೆಯ ಕಚೇರಿಯ ಕೊನೆಯ ಕ್ಷಣಗಳು ಈ ಟೇಪಿನಲ್ಲಿಲ್ಲ.

ಈ ಮುದ್ರಣವು ಅಭಿಮಾನಿಗಳ ನೆನಪಿನ ಮೇಲೂ ಪ್ರಭಾವ ಬೀರಿದೆ. ಬ್ಯಾರೊ ಮೈದಾನದಲ್ಲಿ, ವೇದಿಕೆಗೆ ಹತ್ತಿರದಲ್ಲಿ ನಿಂತಿದ್ದರು. ಪ್ರೇಕ್ಷಕರು ದೂರದ ಗ್ಯಾಲರಿಗಳಲ್ಲಿದ್ದರು. ಅಂದು ಕೂಗಿನ ನಡುವೆ ತುಣುಕುತುಣುಕಾಗಿ ಕೇಳಿದ ಹಾಡುಗಳನ್ನು ಟೇಪಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕೇಳಬಹುದು. ಅಂದು ಕಿವಿಗೆ ಬಿದ್ದದ್ದು ಮತ್ತು ಆಮೇಲೆ ಟೇಪಿನಿಂದ ತಿಳಿದದ್ದು ನೆನಪಿನಲ್ಲಿ ಬೆರೆತುಹೋಗುವುದು ಸಹಜ.

ಘೋಷಿತ ವಿದಾಯ ಮತ್ತು ಅಘೋಷಿತ ವಿದಾಯ

ಕೆಲವು ರಾಕ್ ತಂಡಗಳು ತಮ್ಮ ವಿದಾಯವನ್ನು ಮೊದಲೇ ಸಾರಿವೆ. 'ಕ್ರೀಮ್' ತಂಡವು 1968ರ ನವೆಂಬರ್ 26ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ವಿದಾಯದ ಕಚೇರಿ ನೀಡಿತು. 'ದಿ ಬ್ಯಾಂಡ್' ತಂಡವು 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿಯೇ, ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ, ಪ್ರೇಕ್ಷಕರಿಗೆ ಹಬ್ಬದೂಟ ಬಡಿಸಿ ಬೀಳ್ಕೊಂಡಿತು. ಇದನ್ನು ಮಾರ್ಟಿನ್ ಸ್ಕಾರ್ಸೇಸಿ 'ದಿ ಲಾಸ್ಟ್ ವಾಲ್ಟ್ಜ್' ಎಂಬ ಹೆಸರಿನಲ್ಲಿ ಚಲನಚಿತ್ರವಾಗಿಸಿದರು. ಕರ್ನಾಟಕದ ಕರಾವಳಿಯ ವೃತ್ತಿಪರ ಯಕ್ಷಗಾನ ಮೇಳಗಳಿಗೂ ಮಳೆಗಾಲಕ್ಕೆ ಮುನ್ನ ತಿರುಗಾಟ ಮುಗಿಯುವ ದಿನವುಂಟು. ಕಡೆಯ ಆಟಕ್ಕೆ ಕುಳಿತವರಿಗೆ ಅದು ಆ ವರ್ಷದ ಕಡೆಯ ಆಟವೆಂದು ಗೊತ್ತಿರುತ್ತದೆ.

ಇಂತಹ ಸಂದರ್ಭಗಳಲ್ಲಿ ಪ್ರೇಕ್ಷಕರು ನೆನಪಿಟ್ಟುಕೊಳ್ಳಬೇಕೆಂಬ ಎಚ್ಚರದಿಂದಲೇ ನೋಡುತ್ತಾರೆ. ಕ್ಯಾಂಡಲ್‌ಸ್ಟಿಕ್ ಪಾರ್ಕ್‌ಗೆ ಬಂದವರಿಗೆ ಆ ಎಚ್ಚರಕ್ಕೆ ಕಾರಣವಿರಲಿಲ್ಲ. ಅವರು ಬಂದದ್ದು ಬೀಟಲ್ಸ್‌ರನ್ನು ನೋಡಲು, ಬೀಳ್ಕೊಡಲು ಅಲ್ಲ. ವೆಸ್ ವಿಲ್ಸನ್ ರಚಿಸಿದ ಭಿತ್ತಿಪತ್ರ, ಜಿಮ್ ಮಾರ್ಷಲ್ ತೆಗೆದ ಛಾಯಾಚಿತ್ರಗಳು, ಹರಿದ ಟಿಕೆಟಿನ ಅರ್ಧ ಭಾಗ ಮುಂತಾದವು ಅಂದಿನ ಮಟ್ಟಿಗೆ ಒಂದು ಕಚೇರಿಯ ಗುರುತುಗಳಷ್ಟೇ ಆಗಿದ್ದವು. ಚರಿತ್ರೆಯ ವಸ್ತುಗಳೆಂಬ ಬೆಲೆ ಅವಕ್ಕೆ ಬಂದದ್ದು ಮುಂದೆ.

ನಂತರದ ಘಟನೆಗಳು

ಪ್ರವಾಸಗಳು ನಿಂತ ಮೇಲೆ ಹ್ಯಾರಿಸನ್ ಭಾರತಕ್ಕೆ ಬಂದು ಪಂಡಿತ್ ರವಿಶಂಕರ್ ಅವರ ಬಳಿ ಸಿತಾರ್ ಅಭ್ಯಾಸ ಮಾಡಿದರು. ತಂಡವು ಧ್ವನಿಮುದ್ರಣ ಕೇಂದ್ರದಲ್ಲಿಯೇ ಕಾಲ ಕಳೆದು 1967ರಲ್ಲಿ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಸಂಗ್ರಹವನ್ನು ಹೊರತಂದಿತು. 1969ರ ಜನವರಿ 30ರಂದು ಲಂಡನ್ನಿನ 3, ಸ್ಯಾವಿಲ್ ರೋನಲ್ಲಿದ್ದ ತಮ್ಮ ಸಂಸ್ಥೆಯ ಕಟ್ಟಡದ ಛಾವಣಿಯ ಮೇಲೆ, ಬಿಲ್ಲಿ ಪ್ರೆಸ್ಟನ್ ಅವರನ್ನು ಜೊತೆಗೂಡಿಸಿಕೊಂಡು, ಪೊಲೀಸರು ಬರುವವರೆಗೆ ಸುಮಾರು 42 ನಿಮಿಷ ನುಡಿಸಿದರು. ನಾಲ್ವರೂ ಒಟ್ಟಾಗಿ ಸಾರ್ವಜನಿಕವಾಗಿ ನುಡಿಸಿದ್ದು ಅದೇ ಕೊನೆ. ಅದಕ್ಕೆ ಟಿಕೆಟು ಇರಲಿಲ್ಲ. ಬೀದಿಯಲ್ಲಿ ನಿಂತವರಿಗೆ ಹಾಡು ಕೇಳಿಸಿತೇ ಹೊರತು ಹಾಡುವವರು ಕಾಣಲಿಲ್ಲ. ಹೀಗಾಗಿ 'ಕೊನೆಯ ಕಚೇರಿ' ಎಂಬ ಹೆಸರು ಒಮ್ಮೊಮ್ಮೆ ಕ್ಯಾಂಡಲ್‌ಸ್ಟಿಕ್‌ಗೂ ಒಮ್ಮೊಮ್ಮೆ ಛಾವಣಿಗೂ ಸಲ್ಲುತ್ತದೆ.

1970ರ ಏಪ್ರಿಲ್ 10ರಂದು ಮೆಕಾರ್ಟ್ನಿ ತಂಡದಿಂದ ಹೊರಬಂದ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಪಾಲುದಾರಿಕೆಯ ಕಾನೂನುಬದ್ಧ ವಿಸರ್ಜನೆ ಮುಗಿಯಲು 1975 ಆಯಿತು. 1980ರ ಡಿಸೆಂಬರ್ 8ರಂದು ಲೆನನ್ ಅವರ ಹತ್ಯೆಯಾದ ಮೇಲೆ ನಾಲ್ವರೂ ಮತ್ತೆ ಒಂದೇ ವೇದಿಕೆ ಏರುವ ನಿರೀಕ್ಷೆಯೂ ಅಳಿಯಿತು. ಕ್ಯಾಂಡಲ್‌ಸ್ಟಿಕ್ ಪಾರ್ಕ್ ಅಭಿಮಾನಿಗಳ ಮನಸ್ಸಿನಲ್ಲಿ ನಿಶ್ಚಿತವಾಗಿ 'ಕೊನೆ'ಯಾದದ್ದು ಹೀಗೆ, ಹಂತಹಂತವಾಗಿ.

2014ರ ಆಗಸ್ಟ್ 14ರಂದು, ಕೆಡವಲು ತೀರ್ಮಾನವಾಗಿದ್ದ ಅದೇ ಕ್ರೀಡಾಂಗಣದಲ್ಲಿ ಮೆಕಾರ್ಟ್ನಿ ಹಾಡಿದರು. ಈ ಬಾರಿ ಟಿಕೆಟುಗಳೆಲ್ಲ ಮಾರಾಟವಾಗಿದ್ದವು, ಅದು ಆ ಮೈದಾನದ ಕೊನೆಯ ಕಚೇರಿಯೆಂಬುದು ಬಂದವರೆಲ್ಲರಿಗೂ ತಿಳಿದಿತ್ತು. ಬ್ಯಾರೊ ಅವರ ಟೇಪಿನಲ್ಲಿ ಅರ್ಧಕ್ಕೆ ನಿಂತಿದ್ದ 'ಲಾಂಗ್ ಟಾಲ್ ಸ್ಯಾಲಿ' ಹಾಡನ್ನೂ ಮೆಕಾರ್ಟ್ನಿ ಅಂದು ಹಾಡಿದರು. 2015ರಲ್ಲಿ ಕ್ರೀಡಾಂಗಣವನ್ನು ಕೆಡವಲಾಯಿತು.