ಆರಕ್ಷಕಶಬ್ದವೂ ಆರಕ್ಷಕನ ಮನೋವ್ಯಥೆಯೂ

ಆರಕ್ಷಕಶಬ್ದವು ‘ರಕ್ಷ್’ ಧಾತುವಿಗೆ ‘ಆ’ ಎಂಬ ಉಪಸರ್ಗವು ಸೇರಿ ನಿಷ್ಪನ್ನವಾದುದು, ಸುತ್ತಲೂ ಕಾಯುವವನೆಂದರ್ಥ. ಈ ಕರ್ತೃವಿಗೆ ವಿಶ್ರಾಂತಿಯುಂಟೆ ಎಂಬುದನ್ನು ವ್ಯಾಕರಣವು ಹೇಳದು. 1861ನೆಯ ಇಸವಿಯ ಪೊಲೀಸ್ ಶಾಸನದ 22ನೆಯ ಪ್ರಕರಣವಾದರೋ ಅವನು ಸರ್ವದಾ ಕಾರ್ಯನಿರತನೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. ಶಾಸನಕಾರರ ಉದ್ದೇಶವು ಅಧಿಕಾರದ ಅವಿಚ್ಛಿನ್ನತೆಯೇ ಆಗಿದ್ದಿರಬಹುದು. ಠಾಣೆಗಳಲ್ಲಿ ಅದು ನಿದ್ರಾವಿಚ್ಛೇದವಾಗಿ ಪರಿಣಮಿಸಿತು.

ನೆಲಮಂಗಲದಲ್ಲಿ ಮಂಗಳೂರಿನ ಮಾರ್ಗವೂ ತುಮಕೂರಿನ ಮಾರ್ಗವೂ ಕವಲೊಡೆಯುವುವು. ಹೊಸಕೋಟೆಯ ಮೂಲಕ ಕೋಲಾರದ ಹೆದ್ದಾರಿಯು ಸಾಗುವುದು. ಇಂತಹ ಮಾರ್ಗಗಳಲ್ಲಿ ಅಪಮೃತ್ಯುವು ಸಂಭವಿಸಿದಾಗ ಶವದ ಪಂಚನಾಮೆಯನ್ನು ಮಾಡಿಸತಕ್ಕವನೂ, ಮೃತನ ಮನೆಗೆ ವಾರ್ತೆಯನ್ನು ಮುಟ್ಟಿಸತಕ್ಕವನೂ ಪೊಲೀಸಿನವನೇ. ಲೋಕದವರು ಒಮ್ಮೆ ಕಂಡುದನ್ನು ವರ್ಷಗಟ್ಟಲೆ ಮರೆಯಲಾರರು. ಇವನು ಮರುದಿನವೇ ಇನ್ನೊಂದನ್ನು ಕಾಣಬೇಕಾದೀತು. ಕಂಡ ದೃಶ್ಯವು ಸ್ವಪ್ನದಲ್ಲಿ ಮರುಕಳಿಸುವುದು, ಅಲ್ಪಶಬ್ದಕ್ಕೂ ಬೆಚ್ಚುವುದು, ಬಂಧುಗಳಲ್ಲಿ ವೈಮುಖ್ಯ, ಇವು ಮನೋವೈದ್ಯರು ಗುರುತಿಸಿರುವ ಆಘಾತಲಕ್ಷಣಗಳು. ಇವನ್ನು ಹೇಡಿತನವೆನ್ನುವುದು ಅಜ್ಞಾನವೇ ಸರಿ.

2016ರ ಜುಲೈಯಲ್ಲಿ ಒಂದೇ ವಾರದೊಳಗೆ ಕಲ್ಲಪ್ಪ ಹಂಡಿಬಾಗ, ಎಂ. ಕೆ. ಗಣಪತಿ ಎಂಬ ಇಬ್ಬರು ಡಿವೈಎಸ್‌ಪಿಗಳು ಆತ್ಮಹತ್ಯೆಗೆ ತುತ್ತಾದುದು ಕರ್ಣಾಟಕವನ್ನು ಕಲಕಿತು. ಆಗಿನ ದಂಡಸಂಹಿತೆಯ 309ನೆಯ ಪ್ರಕರಣವು ಆತ್ಮಹತ್ಯಾಯತ್ನವನ್ನು ಅಪರಾಧವೆಂದೆಣಿಸುತ್ತಿದ್ದಿತು. 2017ರ ಮಾನಸಿಕ ಆರೋಗ್ಯ ಶಾಸನವು ಅಂತಹವನನ್ನು ತೀವ್ರಕ್ಲೇಶಪೀಡಿತನೆಂದು ಭಾವಿಸಿ, ಶುಶ್ರೂಷೆಯ ಭಾರವನ್ನು ಸರ್ಕಾರದ ಮೇಲಿರಿಸಿತು. ಆದರೂ ಚಿಕಿತ್ಸೆಗೆ ಹೋದರೆ ಬಡ್ತಿ ತಪ್ಪೀತೆಂಬ ಅಂಜಿಕೆಯನ್ನು ಶಾಸನವು ನೀಗಲಾರದು. ಅದು ಮೇಲಧಿಕಾರಿಯ ಕೈಯಲ್ಲಿರುವುದು. ಖಿನ್ನನಾದವನಿಗೆ ರಜೆಯನ್ನಿತ್ತು, ಅವಮಾನವಾಗದಂತೆ ಆಯುಧವನ್ನು ಕೆಲಕಾಲ ಠಾಣೆಯಲ್ಲಿರಿಸಿಕೊಂಡು, ಜೊತೆಗೊಬ್ಬನನ್ನು ಕೊಟ್ಟು ವೈದ್ಯರಲ್ಲಿಗೆ ಕಳುಹುವುದು ಅಸಾಧ್ಯವೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಮೀಪದಲ್ಲಿಯೇ ಇರುವುದು; 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.