ಮುಖಪುಟದಿಂದ ಗೋಡೆಗೆ: ಫ್ರಾಂಕ್ ಫ್ರಜೆಟಾ ಅವರ ನಾಲ್ಕು ಚಿತ್ರಗಳು

ಪುಸ್ತಕದ ಅಂಗಡಿಯ ಮುಂದೆ ನಿಂತಾಗ ನಿಮ್ಮ ಕೈ ಮೊದಲು ಯಾವ ಪುಸ್ತಕದತ್ತ ಹೋಗುತ್ತದೆ ಎಂಬುದನ್ನು ಎಂದಾದರೂ ಗಮನಿಸಿದ್ದೀರಾ? ಲೇಖಕರ ಹೆಸರು ಪರಿಚಯವಿಲ್ಲದಿದ್ದಾಗ ಬಹುಮಟ್ಟಿಗೆ ಅದನ್ನು ನಿರ್ಧರಿಸುವುದು ಮುಖಪುಟದ ಚಿತ್ರ. ಆ ಚಿತ್ರಕ್ಕೆ ಸಿಗುವ ಸಮಯ ಕೆಲವೇ ಕ್ಷಣ. ಅಷ್ಟರಲ್ಲಿ ಅದು ನಿಮ್ಮನ್ನು ನಿಲ್ಲಿಸಬೇಕು. ಪುಸ್ತಕ ಮಾರಾಟವಾದ ಮೇಲೆ ಅದರ ಕೆಲಸ ಮುಗಿಯಿತು. ಬರೆದವರು ಯಾರು ಎಂದು ಕೇಳುವವರೂ ಕಡಿಮೆ.

ಹೀಗೆ 'ಮುಗಿದುಹೋಗುವ' ಕೆಲಸವೆಂದು ಎಲ್ಲರೂ ಭಾವಿಸಿದ್ದ ಮುಖಪುಟದ ಚಿತ್ರವನ್ನು ಉಳಿಯುವ ಕಲೆಯಾಗಿಸಿದ ಒಬ್ಬ ಕಲಾವಿದರನ್ನು ಇಲ್ಲಿ ಪರಿಚಯ ಮಾಡಿಕೊಳ್ಳೋಣ. ಅವರು ಅಮೆರಿಕದ ಫ್ರಾಂಕ್ ಫ್ರಜೆಟಾ. ಕತ್ತಿ, ಮಾಟ, ರಾಕ್ಷಸರು ತುಂಬಿದ ಅದ್ಭುತ ಕಥೆಗಳಿಗೆ ಅವರು ಬರೆದ ಚಿತ್ರಗಳಲ್ಲಿ ನನಗೆ ಮೆಚ್ಚಿಕೆಯಾದ ನಾಲ್ಕನ್ನು ಆಯ್ದುಕೊಂಡಿದ್ದೇನೆ.

ಮೊದಲು ಅವರ ಬದುಕಿನ ಬಗ್ಗೆ ಎರಡು ಮಾತು. ಫ್ರಜೆಟಾ ಹುಟ್ಟಿದ್ದು 1928ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಎಂಟನೆಯ ವಯಸ್ಸಿಗೇ ಅಲ್ಲಿನ ಒಂದು ಚಿಕ್ಕ ಕಲಾಶಾಲೆಗೆ ಸೇರಿ, ಮೈಕೆಲ್ ಫಲಾಂಗಾ ಎಂಬ ಗುರುಗಳಲ್ಲಿ ಕಲಿತರು. ಹದಿನಾರರ ಹೊತ್ತಿಗೆ ಕಾಮಿಕ್ಸ್ ಪುಸ್ತಕಗಳಿಗೆ ಬರೆಯತೊಡಗಿದರು. 1950ರ ದಶಕದಲ್ಲಿ 'ಲಿಲ್ ಅಬ್ನರ್' ಎಂಬ ಜನಪ್ರಿಯ ಚಿತ್ರಕಥೆಗೆ ಆಲ್ ಕ್ಯಾಪ್ ಅವರ ಸಹಾಯಕರಾಗಿ ವರ್ಷಗಟ್ಟಲೆ ದುಡಿದರು. ಕೈ ಅವರದು, ಶೈಲಿ ಮತ್ತೊಬ್ಬರದು. 1960ರ ದಶಕದ ಆರಂಭದಲ್ಲಿ ಅಲ್ಲಿಂದ ಹೊರಬಂದಾಗ ಅವರಿಗೆ ಕೆಲಸ ಸುಲಭವಾಗಿ ಸಿಗಲಿಲ್ಲ. ಹೊಟ್ಟೆಪಾಡಿಗೆ ಹಿಡಿದ ದಾರಿಗಳಲ್ಲಿ ಪೇಪರ್‌ಬ್ಯಾಕ್ ಮುಖಪುಟವೂ ಒಂದು. ಆ ದಾರಿಯಲ್ಲೇ ಅವರಿಗೆ ತಮ್ಮದೇ ಶೈಲಿ ದೊರೆಯಿತು.

ಮೊದಲ ಚಿತ್ರ: ಬಾರ್ಬೇರಿಯನ್

ಕೋನನ್ ಎಂಬ ವೀರನ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಅವನನ್ನು ಸೃಷ್ಟಿಸಿದವರು ಟೆಕ್ಸಾಸಿನ ಲೇಖಕ ರಾಬರ್ಟ್ ಇ. ಹೋವರ್ಡ್. ಅವರು 1936ರಲ್ಲಿ, ಮೂವತ್ತರ ವಯಸ್ಸಿನಲ್ಲೇ ತೀರಿಕೊಂಡರು. ಮೂವತ್ತು ವರ್ಷಗಳ ಬಳಿಕ, 1966ರಲ್ಲಿ ಆ ಕಥೆಗಳು ಪೇಪರ್‌ಬ್ಯಾಕ್ ರೂಪದಲ್ಲಿ ಬಂದವು. 'ಕೋನನ್ ದಿ ಅಡ್ವೆಂಚರರ್' ಎಂಬ ಪುಸ್ತಕದ ಮುಖಪುಟಕ್ಕೆ ಫ್ರಜೆಟಾ ಬರೆದದ್ದೇ ಈ ಚಿತ್ರ.

ಹೆಣಗಳ, ಮೂಳೆಗಳ ಗುಡ್ಡೆಯ ಮೇಲೆ ಕೋನನ್ ನಿಂತಿದ್ದಾನೆ. ಕತ್ತಿಯ ಮೊನೆ ಕೆಳಗಿದೆ. ಯುದ್ಧ ಮುಗಿದಿದೆ. ಆತ ಹೊಡೆಯುತ್ತಿಲ್ಲ, ಓಡುತ್ತಿಲ್ಲ, ಸುಮ್ಮನೆ ನಿಂತಿದ್ದಾನೆ. ಆದರೂ ಚಿತ್ರದಲ್ಲಿ ಎಂಥ ಬಿಗಿ! ಅದಕ್ಕಿಂತ ಮುಂಚಿನ ಇಂಥ ಅನೇಕ ಮುಖಪುಟಗಳಲ್ಲಿ ಕಥೆಯ ಒಂದು ಘಟನೆಯನ್ನು ಇದ್ದಂತೆ ಬಿಡಿಸುವುದು ವಾಡಿಕೆಯಾಗಿತ್ತು. ಫ್ರಜೆಟಾ ಘಟನೆಯ ಬದಲು ಮನುಷ್ಯನನ್ನು ತೋರಿಸಿದರು. ಹೋವರ್ಡ್ ಈ ಚಿತ್ರವನ್ನು ಕಾಣಲಿಲ್ಲ. ಆದರೆ ಆನಂತರದ ಓದುಗರಲ್ಲಿ ಅನೇಕರ ಮನಸ್ಸಿನ ಕೋನನ್ ಮಾತ್ರ ಈ ಮುಖಪುಟದಿಂದಲೇ ಎದ್ದು ಬಂದವನು.

ಈಗ ಚಿತ್ರದ ಅಂಚುಗಳನ್ನು ನೋಡಿ. ಹಿನ್ನೆಲೆಯಲ್ಲಿ ಕಂದು-ಹಳದಿ ಮಬ್ಬು, ಅದರೊಳಗೆ ತಲೆಬುರುಡೆಗಳಂತೆ ತೋರುವ ಆಕಾರಗಳು. ಕಾಲಿನ ಕೆಳಗಿನ ಗುಡ್ಡೆಯಲ್ಲಿ ಯಾವುದು ಎಲುಬು, ಯಾವುದು ಮಣ್ಣು ಎಂದು ಹೇಳುವುದೇ ಕಷ್ಟ. ಮುಖ, ಎದೆ, ತೋಳು ಮಾತ್ರ ಖಚಿತ. ಇದು ಅವಸರದ ಫಲವೇ? ಅಲ್ಲ. ಇದಕ್ಕೆ ಕಣ್ಣಿನ ರಚನೆಯಲ್ಲೇ ಒಂದು ಕಾರಣವಿದೆ.

ಒಂದು ಸಣ್ಣ ಪ್ರಯೋಗ

ಈ ಸಾಲಿನ ಯಾವುದಾದರೂ ಒಂದು ಪದದ ಮೇಲೆ ದೃಷ್ಟಿ ನೆಡಿ. ಕಣ್ಣನ್ನು ಅಲುಗಿಸದೆ, ನಾಲ್ಕು ಸಾಲು ಕೆಳಗಿನ ಪದವನ್ನು ಓದಲು ಪ್ರಯತ್ನಿಸಿ. ಆಗುವುದಿಲ್ಲ, ಅಲ್ಲವೇ? ನಮ್ಮ ಅಕ್ಷಿಪಟದ ನಡುವೆ ಒಂದು ಪುಟ್ಟ ಗುಳಿಯಿದೆ. ವಿವರಗಳನ್ನು ಸ್ಪಷ್ಟವಾಗಿ ಕಾಣುವುದು ಆ ಭಾಗ ಮಾತ್ರ. ತೋಳು ಚಾಚಿ ಹೆಬ್ಬೆರಳನ್ನು ನೋಡಿದರೆ ಅದರ ಅಗಲ ಸುಮಾರು 2 ಡಿಗ್ರಿ. ಯಾವುದೇ ಒಂದು ಕ್ಷಣದಲ್ಲಿ ನಾವು ತೀರ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಭಾಗವನ್ನು. ಉಳಿದದ್ದೆಲ್ಲ ಮಸುಕು. ಕಣ್ಣು ಅತ್ತಿತ್ತ ಚಲಿಸುತ್ತಲೇ ಇರುವುದರಿಂದ ಎಲ್ಲವೂ ಸ್ಪಷ್ಟವಾಗಿದೆ ಎಂಬ ಭ್ರಮೆ ನಮಗೆ.

ಫ್ರಜೆಟಾ ಅವರ ಚಿತ್ರ ಈ ಸತ್ಯಕ್ಕೆ ಹತ್ತಿರವಾಗಿದೆ. ನೋಡಬೇಕಾದಲ್ಲಿ ಸ್ಪಷ್ಟತೆ, ಉಳಿದೆಡೆ ಸೂಚನೆ. ಆ ಖಾಲಿಯನ್ನು ತುಂಬುವವರು ನೀವೇ. ದೂರದರ್ಶನದಲ್ಲಿ ನಾವೂ ಮಾತನಾಡುವವರ ಮುಖಕ್ಕೆ ಫೋಕಸ್ ಇಟ್ಟು ಹಿನ್ನೆಲೆಯನ್ನು ಮಸುಕಾಗಿಸುವುದುಂಟು. ನಮಗೆ ಆ ಕೆಲಸವನ್ನು ಮಸೂರ ಮಾಡಿಕೊಡುತ್ತದೆ. ಅವರು ಕುಂಚದಿಂದಲೇ ಮಾಡಿದರು.

ಎರಡನೆಯದು: ಕುದುರೆ ಏರಿದ ಕೋನನ್

1967ರ 'ಕೋನನ್ ದಿ ಕಾಂಕರರ್' ಪುಸ್ತಕದ ಮುಖಪುಟ ಇದಕ್ಕೆ ತದ್ವಿರುದ್ಧ. ಇಲ್ಲಿ ಎಲ್ಲವೂ ಚಲನೆ. ಕುದುರೆಯ ಮೇಲೆ ಕೋನನ್ ಶತ್ರುಗಳ ನಡುವೆ ನುಗ್ಗಿ ಬರುತ್ತಿದ್ದಾನೆ. ಇಷ್ಟೊಂದು ಮೈಕೈಗಳ ನೂಕುನುಗ್ಗಲಿದ್ದರೂ ಚಿತ್ರ ಕಲಸಿಹೋಗಿಲ್ಲ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಗುಟ್ಟು ತಿಳಿಯುತ್ತದೆ: ಇಡೀ ಗುಂಪು ಒಂದು ತ್ರಿಕೋನ. ಕೆಳಗೆ ಸೈನಿಕರ ರಾಶಿ, ತುದಿಯಲ್ಲಿ ಕೋನನ್. ಗದ್ದಲವನ್ನು ತೋರಿಸಬೇಕಾದರೂ ಒಳಗೊಂದು ಕ್ರಮ ಇರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಮೂರನೆಯದು: ಈಜಿಪ್ಟಿನ ರಾಣಿ

1969ರಲ್ಲಿ 'ಈರಿ' ಎಂಬ ಭಯಾನಕ ಕಥೆಗಳ ಪತ್ರಿಕೆಗೆ ಬರೆದ ಚಿತ್ರವಿದು. ದೊಡ್ಡ ಕಂಬಕ್ಕೆ ಒರಗಿದ ರಾಣಿ, ಬಳಿಯಲ್ಲಿ ಚಿರತೆ, ಹಿಂದೆ ನೆರಳಿನಲ್ಲಿ ಕಾವಲುಗಾರ. ಪತ್ರಿಕೆಯ ಒಳಪುಟಗಳು ಕಪ್ಪು ಬಿಳುಪು. ಮುಖಪುಟಕ್ಕೆ ಮಾತ್ರ ಇಂಥ ವರ್ಣಚಿತ್ರ.

ಈ ಚಿತ್ರಕ್ಕೆ ಇನ್ನೊಂದು ಸ್ವಾರಸ್ಯವಿದೆ. ಅಚ್ಚಾದ ಮೇಲೆ ಮೂಲಚಿತ್ರ ಮರಳಿ ಬಂದಾಗ ಫ್ರಜೆಟಾ ರಾಣಿಯ ಮುಖವನ್ನು ಮತ್ತೆ ತಿದ್ದಿ ಬರೆದರು. ಆದ್ದರಿಂದ ಪತ್ರಿಕೆಯ ಮೇಲಿನ ಮುಖವೇ ಬೇರೆ, ಮೂಲಚಿತ್ರದಲ್ಲಿ ಇಂದು ಕಾಣುವ ಮುಖವೇ ಬೇರೆ. ಯೋಚಿಸಿ: ಸಂಭಾವನೆ ಬಂದಾಗಿದೆ, ಪತ್ರಿಕೆ ಮಾರಾಟವಾಗಿದೆ, ಯಾರೂ ಕೇಳಿಲ್ಲ. ಆದರೂ ತಿದ್ದಿದರು. ಅವರ ಪಾಲಿಗೆ ಕೆಲಸ ಮುಗಿದಿರಲಿಲ್ಲ.

ಅವರು ಹೀಗೆ ತಿದ್ದಲು ಸಾಧ್ಯವಾದದ್ದು ಚಿತ್ರ ಅವರ ಕೈಯಲ್ಲಿ ಇದ್ದುದರಿಂದ. ಆ ಕಾಲದಲ್ಲಿ ಮುಖಪುಟದ ಮೂಲಚಿತ್ರಗಳನ್ನು ಪ್ರಕಾಶಕರೇ ಇಟ್ಟುಕೊಳ್ಳುವುದು ಸಾಮಾನ್ಯವಾಗಿತ್ತು. ಎಷ್ಟೋ ಚಿತ್ರಗಳು ಗೋದಾಮಿನಲ್ಲೇ ಹಾಳಾದವು. ಫ್ರಜೆಟಾ ಮಾತ್ರ ಹಟ ಹಿಡಿದರು: ಅಚ್ಚು ಹಾಕಿಕೊಳ್ಳುವ ಹಕ್ಕು ನಿಮ್ಮದು, ಚಿತ್ರ ನನ್ನದು, ಅದು ನನಗೆ ಮರಳಬೇಕು. ಕೋನನ್ ಚಿತ್ರಗಳ ಕಾಲದಿಂದ ಇದೇ ಅವರ ಷರತ್ತಾಯಿತು. ಪತ್ನಿ ಎಲ್ಲಿ ವ್ಯವಹಾರವನ್ನು ಗಟ್ಟಿಯಾಗಿ ನೋಡಿಕೊಂಡರು. 1970ರ ದಶಕದಲ್ಲಿ ಅವರ ಚಿತ್ರಗಳು ಪೋಸ್ಟರುಗಳಾಗಿ, ಸಂಕಲನಗಳಾಗಿ ಮನೆಮನೆಯ ಗೋಡೆಗೆ ಬಂದವು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಿ. 2009ರಲ್ಲಿ ಕುದುರೆ ಏರಿದ ಕೋನನ್ ಚಿತ್ರ 10 ಲಕ್ಷ ಡಾಲರಿಗೆ ಮಾರಾಟವಾಯಿತು. 2019ರ ಹರಾಜಿನಲ್ಲಿ ಈಜಿಪ್ಟಿನ ರಾಣಿಗೆ 54 ಲಕ್ಷ ಡಾಲರ್ ಬಂತು. ಚಿಲ್ಲರೆ ಕಾಸಿನ ಪತ್ರಿಕೆಗೆ ಬರೆದ ಚಿತ್ರ! ಹಣದಿಂದಲೇ ಕಲೆಯನ್ನು ಅಳೆಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಚಿತ್ರ ಗೋದಾಮಿನಲ್ಲಿ ಉಳಿದಿದ್ದರೆ ಇಂದು ನೋಡಲಾದರೂ ಸಿಗುತ್ತಿತ್ತೇ?

ನಾಲ್ಕನೆಯದು: ಡೆತ್ ಡೀಲರ್

1973ರ ಈ ಚಿತ್ರವನ್ನು ನೀವು ಎಲ್ಲೋ ನೋಡಿರುವ ಸಾಧ್ಯತೆ ಹೆಚ್ಚು. ಕಪ್ಪು ಕುದುರೆಯ ಮೇಲೆ ಕವಚಧಾರಿ ಸವಾರ. ಕೊಂಬಿನ ಶಿರಸ್ತ್ರಾಣ, ಕೈಯಲ್ಲಿ ನೆತ್ತರು ಮೆತ್ತಿದ ಕೊಡಲಿ, ಸುತ್ತ ಹದ್ದುಗಳು. ಮೊದಲು ಇದು 'ಫ್ಲ್ಯಾಶಿಂಗ್ ಸೋರ್ಡ್ಸ್' ಎಂಬ ಕಥಾಸಂಕಲನದ ಎರಡನೆಯ ಸಂಪುಟದ ಮುಖಪುಟವಾಯಿತು. 1978ರಲ್ಲಿ ಮಾಲಿ ಹ್ಯಾಚೆಟ್ ಎಂಬ ರಾಕ್ ಸಂಗೀತ ತಂಡದ ಮೊದಲ ಧ್ವನಿಮುದ್ರಿಕೆಯ ಹೊದಿಕೆಯ ಮೇಲೂ ಬಂತು.

ಇದರಲ್ಲಿ ಭಯ ಹುಟ್ಟುವುದು ಎಲ್ಲಿಂದ? ಕೊಡಲಿಯಿಂದಲ್ಲ. ಸವಾರನಿಗೆ ಮುಖವೇ ಇಲ್ಲ. ಶಿರಸ್ತ್ರಾಣದ ಕೆಳಗೆ ಬರೀ ಕತ್ತಲು, ಅದರೊಳಗೆ ಎರಡು ಕೆಂಪು ಕಣ್ಣು. ಬೆಳಕು ಹಿಂದಿನಿಂದ ಬರುವುದರಿಂದ ಮುಂಭಾಗವೆಲ್ಲ ನೆರಳು. ಮುಖ ಬರೆದಿದ್ದರೆ ಅವನು ಒಬ್ಬ ಸೈನಿಕನಾಗುತ್ತಿದ್ದ. ಮುಖ ಬಿಟ್ಟದ್ದರಿಂದ ಸಾವೇ ಆದ.

ಮೆಚ್ಚುವುದೆಂದರೆ ಪ್ರಶ್ನಿಸದಿರುವುದಲ್ಲ. ಬಾರ್ಬೇರಿಯನ್ ಚಿತ್ರದಲ್ಲಿ ಕೋನನ್ನನ ಕಾಲು ಹಿಡಿದ ಒಬ್ಬ ಹೆಣ್ಣಿದ್ದಾಳೆ. ಫ್ರಜೆಟಾ ಅವರ ಅನೇಕ ಚಿತ್ರಗಳಲ್ಲಿ ಹೆಣ್ಣು ಗಂಡಿನ ಗೆಲುವಿಗೆ ಅಲಂಕಾರ ಮಾತ್ರ. ಬಲವೇ ಹಿರಿದು ಎನ್ನುವ ಲೋಕ ಅದು. ಕುಂಚದ ಕೌಶಲಕ್ಕೆ ತಲೆದೂಗುತ್ತಲೇ ಈ ಮಾತನ್ನೂ ನೀವು ಚರ್ಚಿಸಬೇಕು. ತರಗತಿಯಲ್ಲಿ ಗೆಳೆಯ ಗೆಳತಿಯರು ಒಪ್ಪದಿದ್ದರೆ ಇನ್ನೂ ಒಳ್ಳೆಯದು.

ಕೊನೆಯ ವರ್ಷಗಳಲ್ಲಿ ಫ್ರಜೆಟಾ ಅವರಿಗೆ ಹಲವು ಬಾರಿ ಪಾರ್ಶ್ವವಾಯು ಬಡಿಯಿತು. ಬಲಗೈ ಸ್ವಾಧೀನ ತಪ್ಪಿತು. ಅವರು ಎಡಗೈಯಲ್ಲಿ ಬರೆಯುವುದನ್ನು ಹೊಸದಾಗಿ ಕಲಿತರು. 2010ರ ಮೇ 10ರಂದು ಫ್ಲಾರಿಡಾದಲ್ಲಿ ತೀರಿಕೊಂಡರು.

ನಿಮ್ಮಲ್ಲಿ ಹಲವರು ನಾಳೆ ಜಾಹೀರಾತಿಗೆ, ಪತ್ರಿಕೆಗೆ, ಚಲನಚಿತ್ರಕ್ಕೆ ಬರೆಯುವವರಾಗಬಹುದು. ಬೇರೆಯವರು ಹೇಳಿದ್ದನ್ನು, ಅವರು ಕೊಟ್ಟ ಗಡುವಿನೊಳಗೆ ಮಾಡುವ ಕೆಲಸ ಕೀಳು ಎಂದು ಯಾರಾದರೂ ಅಂದರೆ ಈ ನಾಲ್ಕು ಚಿತ್ರಗಳನ್ನು ನೆನೆಯಿರಿ. ಸಹಿ ಹಾಕುವ ಮೊದಲು ಒಪ್ಪಂದವನ್ನು ಪೂರ್ತಿ ಓದಿ. ಮೂಲಪ್ರತಿ ಯಾರದು ಎಂದು ಕೇಳಲು ಸಂಕೋಚ ಬೇಡ. ಸದ್ಯಕ್ಕೆ, ನಿಮ್ಮ ಕಪಾಟಿನಲ್ಲಿರುವ ಒಂದು ಪುಸ್ತಕವನ್ನು ತೆಗೆದು ಮುಖಪುಟದ ಚಿತ್ರ ಬರೆದವರ ಹೆಸರು ಯಾವ ಪುಟದಲ್ಲಿದೆ ಎಂದು ಹುಡುಕಿ ನೋಡಿ.