ಡಿಕ್ಕಿಯೊಳಗಿನ ಮದ್ದಳೆ

ಮೋಟಾರು ಕಾರಿನ ಹಿಂಬದಿಯಲ್ಲಿ ಸಾಮಾನಿಡುವ ಗೂಡಿಗೆ ನಮ್ಮ ಜನ ಡಿಕ್ಕಿಯೆಂದು ಹೆಸರಿಟ್ಟಿದ್ದಾರೆ. ಅಕ್ಕಿಯ ಮೂಟೆ, ಗೊಬ್ಬರದ ಚೀಲ, ನೆಂಟರ ಮನೆಗೊಯ್ಯುವ ಬಾಳೆಯ ಗೊನೆ, ಇವುಗಳಿಗೆ ಮೀಸಲಾದ ಸ್ಥಳವದು ಎಂದು ನಾನು ಬಹುಕಾಲ ನಂಬಿದ್ದೆ. ಕಳೆದ ಆಷಾಢದಲ್ಲಿ ಕಾಲೇಜಿಗೆ ಮಳೆಯ ರಜೆ ಸಿಕ್ಕಿ ಬಾಳೂರಿನ ಹಿರಿಯರ ಮನೆಗೆ ಹೋದಾಗ, ಅಣ್ಣನ ಮಗ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಲ್ಲಿಸಿದ್ದ ಕಾರಿನ ಡಿಕ್ಕಿಯೊಳಗೆ ಮೊಣಕಾಲೂರಿ ಕುಳಿತು, ಚಕ್ರದ ಉಬ್ಬಿನ ಹಿಂದಣ ಮೂಲೆಗೆ ಕಾಗದದ ಪಟ್ಟಿಗಳನ್ನು ಅಂಟಿಸುವುದರಲ್ಲಿ ಮಗ್ನನಾಗಿದ್ದನು. ಮಗುವಿಗೆ ಅಂಗಿ ಹೊಲಿಯಲು ಅಳತೆ ತೆಗೆಯುವ ದರ್ಜಿಯ ಏಕಾಗ್ರತೆ ಅವನ ಮುಖದಲ್ಲಿತ್ತು.

“ಎಂತದೋ ಇದು?” ಎಂದೆ.

“ಸಬ್‌ವೂಫರಿಗೆ ಪೆಟ್ಟಿಗೆ, ಚಿಕ್ಕಪ್ಪ. ಫೈಬರಿಂದು. ಈ ಮೂಲೆಗೇ ಅಚ್ಚು ಹಾಕಿ ಮಾಡೋದು.”

ವಾಚಕರಲ್ಲಿ ಕೆಲವರಿಗೆ ಈ ಶಬ್ದ ಹೊಸದಿರಬಹುದು. ಸಂಗೀತದ ತೀರ ತಗ್ಗಿನ ನಾದಗಳನ್ನು ಮಾತ್ರ ನುಡಿಸುವುದಕ್ಕೆಂದು ಇರುವ ದೊಡ್ಡ ಸ್ಪೀಕರೇ ಸಬ್‌ವೂಫರ್. ಅದರ ಮೇಲೆ ನನಗೆ ಮೊದಲಿನಿಂದಲೂ ಅಸಮಾಧಾನ. ಶನಿವಾರ ಭಾನುವಾರಗಳಲ್ಲಿ ಚಾರ್ಮಾಡಿಯ ಜಲಪಾತಗಳನ್ನು ನೋಡಲು ಬರುವ ಪೇಟೆಯ ಕಾರುಗಳು ಕೊಟ್ಟಿಗೆಹಾರದಲ್ಲಿ ಚಹಕ್ಕೆ ನಿಂತರೆ, ಹಾಡು ಯಾವುದೆಂದು ತಿಳಿಯುವ ಮುನ್ನವೇ ಅಂಗಡಿಯ ಗಾಜಿನ ಭರಣಿಗಳು ನಡುಗತೊಡಗುತ್ತವೆ. ವಸತಿಯ ಪ್ರದೇಶದಲ್ಲಿ ಶಬ್ದವು ಹಗಲು 55, ಇರುಳು 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನಿಯಮವೇನೋ ಕಾಗದದ ಮೇಲೆ ನಿಶ್ಶಬ್ದವಾಗಿಯೇ ಇದೆ. ಇದನ್ನೆಲ್ಲ ಹುಡುಗನಿಗೆ ಉಪದೇಶಿಸಲು ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವನೇ ಕೇಳಿದನು: “ಚಿಕ್ಕಪ್ಪ, ತಂಬೂರಿಗೆ ಬುರುಡೆ ಎಂತಕ್ಕೆ ಇಡ್ತಾರೆ?”

ಆನಂದವರ್ಧನನ ಧ್ವನಿಸಿದ್ಧಾಂತವನ್ನು ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತ ಬಂದವನು ನಾನು. ಅನುರಣನವೆಂಬ ಮಾತನ್ನು ಎಷ್ಟು ಬಾರಿ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ್ದೇನೋ ಲೆಕ್ಕವಿಲ್ಲ. ಆದರೆ ಬುರುಡೆ ಏತಕ್ಕೆಂಬ ಪ್ರಶ್ನೆಗೆ “ನಾದ ತುಂಬಿ ಬರಲೆಂದು” ಎನ್ನುವುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವರ್ಷ ಇಂಜಿನಿಯರಿಂಗ್ ಓದಿ, ನಡುವೆ ಬಿಟ್ಟುಬಂದು ಕಾಫಿತೋಟ ನೋಡಿಕೊಂಡಿದ್ದ ಹುಡುಗ ಅವನು. ಅವನು ಓದು ಬಿಟ್ಟಾಗ ಮನೆಯಲ್ಲಿ ಎಲ್ಲರಿಗಿಂತ ಕಠಿನವಾಗಿ ಮಾತನಾಡಿದವನು ನಾನೇ. ಅಂದು ಆ ಮಾಡಿನ ಕೆಳಗೆ ಪಾಠ ಹೇಳಿದವನು ಅವನು, ಕೇಳಿದವನು ನಾನು.

ಅವನು ಹೇಳಿದ್ದರ ತಾತ್ಪರ್ಯ ಇಷ್ಟು. ಸ್ಪೀಕರಿನ ತಟ್ಟೆ ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಕ್ಷಣದಲ್ಲಿ ಬೆನ್ನ ಹಿಂದಿನ ಗಾಳಿ ಸಡಿಲಾಗುತ್ತದೆ. ಮುಂದಿನ ಅಲೆ ಏರಿದ್ದರೆ ಹಿಂದಿನದು ಇಳಿದಿರುತ್ತದೆ. ತಗ್ಗಿನ ನಾದದ ಅಲೆ ಬಹಳ ಉದ್ದವಾದದ್ದು. ಸೆಕೆಂಡಿಗೆ 40 ಕಂಪನಗಳ ನಾದವಾದರೆ ಒಂದು ಅಲೆ ಸುಮಾರು ಎಂಟೂವರೆ ಮೀಟರು, ಹೆಚ್ಚುಕಡಮೆ ನಮ್ಮ ಮನೆಯ ಜಗಲಿಯಷ್ಟು ಉದ್ದ. ಅಂಥ ಅಲೆ ಹತ್ತು ಅಂಗುಲದ ತಟ್ಟೆಯನ್ನು ಸಲೀಸಾಗಿ ಬಳಸಿ ಬಂದು, ಹಿಂದಿನದು ಮುಂದಿನದನ್ನು ಕೂಡಿ, ಒಂದನ್ನೊಂದು ನುಂಗಿಹಾಕುತ್ತವೆ. ಅವನು ಸ್ಪೀಕರನ್ನು ಬರಿಗೈಯಲ್ಲಿ ಹಿಡಿದು ನುಡಿಸಿ ತೋರಿಸಿದನು. ತಟ್ಟೆ ಅದುರುವುದು ಕಣ್ಣಿಗೆ ಕಾಣುತ್ತಿತ್ತು. ಕಿವಿಗೆ ಬಿದ್ದದ್ದು ಸೊಳ್ಳೆಯ ಗುಂಯ್ಗುಡುವಿಕೆಯಷ್ಟೆ. ಆ ಹಿಂದಿನ ಅಲೆಯನ್ನು ಸೆರೆಹಿಡಿಯುವುದಕ್ಕೆ ಪೆಟ್ಟಿಗೆ ಬೇಕು.

ಪೆಟ್ಟಿಗೆಯೆಂದರೆ ಯಾವುದೋ ಒಂದು ಪೆಟ್ಟಿಗೆಯಲ್ಲ. ಒಳಗೆ ಸೆರೆಯಾದ ಗಾಳಿಯೇ ತಟ್ಟೆಗೆ ಸ್ಪ್ರಿಂಗಿನಂತೆ ಒದಗುತ್ತದೆಂಬುದನ್ನು ನೆಚ್ಚಿ, 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬಾತನು ಸಣ್ಣ ಪೆಟ್ಟಿಗೆಯಿಂದಲೇ ಆಳವಾದ ನಾದವನ್ನು ಹೊರಡಿಸಿದನು. 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್, ಆಮೇಲೆ 1970ರ ದಶಕದ ಮೊದಲಲ್ಲಿ ರಿಚರ್ಡ್ ಸ್ಮಾಲ್, ಯಾವ ಸ್ಪೀಕರಿಗೆ ಎಷ್ಟು ಗಾತ್ರದ ಪೆಟ್ಟಿಗೆ ಎಂಬುದನ್ನು ಲೆಕ್ಕದಿಂದ ನಿಶ್ಚಯಿಸುವ ದಾರಿ ಮಾಡಿಕೊಟ್ಟರು. ನಮ್ಮವರೂ ಸುಮ್ಮನಿರಲಿಲ್ಲ. ಮೃದಂಗದ ಮುಚ್ಚಿಗೆಯ ನಡುವೆ ಮೆತ್ತುವ ಕಪ್ಪು ಕರಣೆಯಿಂದ ಅದರ ಮೇಲುನಾದಗಳೆಲ್ಲ ಶ್ರುತಿಗೂಡುತ್ತವೆಂಬುದನ್ನು ಸಿ. ವಿ. ರಾಮನ್ನರು ಸಹೋದ್ಯೋಗಿಯೊಬ್ಬರೊಡನೆ 1920ರಲ್ಲಿಯೇ ಬರೆದು ಪ್ರಕಟಿಸಿದ್ದರು. ಕರಣೆ ಮೆತ್ತುವ ಕುಶಲಿಗಳಿಗೆ ಅದು ಎಷ್ಟೋ ತಲೆಮಾರಿನ ಹಿಂದೆಯೇ ಗೊತ್ತಿದ್ದ ಸಂಗತಿಯೆನ್ನಿ.

ಹಲಗೆಯ ಪೆಟ್ಟಿಗೆಯಾದರೆ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಆದರೆ ಚೌಕಾಕಾರದ ಪೆಟ್ಟಿಗೆ ಡಿಕ್ಕಿಯ ಅರ್ಧವನ್ನು ತಿಂದರೆ ಗೊಬ್ಬರದ ಚೀಲಕ್ಕೆ ಎಡೆಯೆಲ್ಲಿ? ಚಕ್ರದ ಹಿಂದೆ ವ್ಯರ್ಥವಾಗಿ ಬಿದ್ದಿರುವ ಅಂಕುಡೊಂಕಿನ ಮೂಲೆಗೆ ಸರಿಹೊಂದುವಂಥದು ಬೇಕಾದರೆ ಗಾಜಿನ ನಾರೇ ಗತಿ. ಅದಕ್ಕೆ ಬೇಕಾದ ಸಾಮಗ್ರಿ ಬಂದದ್ದು ಮಂಗಳೂರಿನಿಂದ. ಕರಾವಳಿಯಲ್ಲಿ ಮೀನುದೋಣಿಗಳನ್ನು ಈಗ ಇದೇ ಫೈಬರಿನಿಂದ ಕಟ್ಟುವುದರಿಂದ, ನಾರಿನ ಚಾಪೆಯೂ ರೆಸಿನ್ ಎಂಬ ಅಂಟೂ ಅಲ್ಲಿ ಸುಲಭವಾಗಿ ಸಿಗುತ್ತವೆ. ನೀರು ಒಳಬರದಂತೆ ದೋಣಿಗೆ, ಗಾಳಿ ಹೊರಹೋಗದಂತೆ ಪೆಟ್ಟಿಗೆಗೆ, ವಸ್ತು ಒಂದೇ.

ಮೂಲೆಗೆ ಕಾಗದದ ಪಟ್ಟಿ, ಅದರ ಮೇಲೆ ಅಲ್ಯೂಮಿನಿಯಮ್ ಹಾಳೆ, ಅದಕ್ಕೆ ಮೇಣ. ಅದರ ಮೇಲೆ ನಾರಿನ ಚಾಪೆಯ ತುಂಡುಗಳನ್ನು ಹಾಸಿ, ಕುಂಚದಿಂದ ರೆಸಿನ್ ತೊಯಿಸಿ, ಗುಳ್ಳೆ ನಿಲ್ಲದಂತೆ ಒತ್ತಬೇಕು. ಒಣಗಿದ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ರೆಸಿನ್ ತಾನಾಗಿ ಗಟ್ಟಿಯಾಗುವುದಿಲ್ಲ. ಮೊದಲು ಕೋಬಾಲ್ಟ್ ಎಂಬ ನೇರಳೆ ದ್ರವವನ್ನು ತೊಟ್ಟು ಬೆರೆಸಿ, ಚೆನ್ನಾಗಿ ಕಲಸಿದ ಮೇಲೆಯೇ ನೂರಕ್ಕೆ ಒಂದೆರಡು ಪಾಲಿನಷ್ಟು ಹಾರ್ಡನರ್ ಹಾಕಬೇಕು. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಕೂಡಿಸಿದರೆ ಸಿಡಿಯುವ ಅಪಾಯವುಂಟು. ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಹುಡುಗನು ನನಗೂ ಒಂದು ರಕ್ಷಣೆಯ ಕನ್ನಡಕವನ್ನು, ಮೂಗಿಗೊಂದು ಮುಖವಾಡವನ್ನು ಕಟ್ಟಿಯೇ ಕೆಲಸಕ್ಕೆ ಸೇರಿಸಿಕೊಂಡನು. ಕೈಗವಸಿನ ವಿಷಯದಲ್ಲಿ ಮಾತ್ರ ನಾನು ಅವನ ಮಾತು ಕೇಳಲಿಲ್ಲ. ಗಾಜಿನ ನಾರಿನ ತುರಿಕೆಯೆಂದರೆ ನಸುಗುನ್ನಿಯ ತುರಿಕೆಗೆ ದೊಡ್ಡಪ್ಪ. ಎರಡು ರಾತ್ರಿ ಕೈ ಕೆರೆದುಕೊಳ್ಳುತ್ತ ಕಳೆದೆ.

ಬಾಳೂರಿನ ಆಷಾಢ ಈ ಕೆಲಸಕ್ಕೆ ಹೇಳಿಮಾಡಿಸಿದ ಕಾಲವಲ್ಲ. ಇಲ್ಲಿ ಮಳೆ ಹಿಡಿಯಿತೆಂದರೆ ಒಗೆದ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ಪುಸ್ತಕದ ಬೆನ್ನಿಗೆ ಬೂಷ್ಟು ಬರುತ್ತದೆ. ನಾರಿನ ಚಾಪೆ ಥಂಡಿ ಹೀರಿ, ಮೊದಲ ಪದರ ಮೂರು ದಿನವಾದರೂ ಹಲಸಿನ ಮೇಣದಂತೆ ಕೈಗೆ ಅಂಟುತ್ತಿತ್ತು. ತಾಳ್ಮೆಗೆಟ್ಟವನು ನಾನು. “ಹಾರ್ಡನರ್ ಸ್ವಲ್ಪ ಧಾರಾಳವಾಗಿ ಹಾಕೋ ಮಾರಾಯ” ಎಂದೆ. ಅವನು ಬೇಡವೆಂದನು. ಅವನು ಒಳಗೆ ಊಟಕ್ಕೆ ಹೋದಾಗ ನಾನೇ ಪ್ಲಾಸ್ಟಿಕ್ ಮಗ್ಗಿನಲ್ಲಿ ಕಲಸಿದೆ. ಐದು ನಿಮಿಷದಲ್ಲಿ ಮಗ್ಗು ಬಿಸಿಯಾಯಿತು, ಹೊಗೆಯಾಡಿತು, ತಳ ಕರಗಿ ಬಾಗಿತು. ಒಳಗಿದ್ದ ರೆಸಿನ್ ಬಿರುಕುಬಿಟ್ಟ ಬೆಲ್ಲದಚ್ಚಿನಂತೆ ಕುಳಿತುಬಿಟ್ಟಿತು. ಹುಡುಗ ಬಂದು ನೋಡಿ ಏನೂ ಅನ್ನಲಿಲ್ಲ. ಅಂಟಂಟಾದ ಪದರವನ್ನು ಕಿತ್ತೆಸೆದು, ಚಾಪೆಯನ್ನು ಹಳೆಯ ಏಲಕ್ಕಿ ಗೂಡಿನಲ್ಲಿ ಎರಡು ದಿನ ಬೆಚ್ಚಗಿಟ್ಟು, ಮೊದಲಿನಿಂದ ಆರಂಭಿಸಿದನು. ಅವನ ಪರೀಕ್ಷೆಯ ಫಲಿತಾಂಶ ಬಂದ ದಿನ ನಾನೂ ಹೀಗೆಯೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

ಇಷ್ಟು ಹೊತ್ತೂ ಅಣ್ಣ ಜಗಲಿಯ ಮೇಲೆ ಪತ್ರಿಕೆ ಹಿಡಿದು ಕುಳಿತಿರುತ್ತಿದ್ದನು. ಅವನಿಗೆ ಈಗ ಅರವತ್ತು ದಾಟಿದೆ. ಮೂವತ್ತು ಸುಗ್ಗಿಗಳಲ್ಲಿ ಪಲ್ಪರಿನ, ಡೀಸೆಲ್ ಇಂಜಿನಿನ ಬಳಿ ನಿಂತ ಕಿವಿ ಅವನದು. ಅತ್ತಿಗೆ “ಸಾರು ಬೇಕಾ?” ಎಂದರೆ “ಎಂತ ಆರು?” ಎನ್ನುತ್ತಾನೆ. ಮಕ್ಕಳು ನಗುತ್ತಾರೆ, ಅವನು ನಗುವುದಿಲ್ಲ. ಒಂದು ಕಾಲದಲ್ಲಿ ಘಟ್ಟದ ಕೆಳಗಿನ ಯಕ್ಷಗಾನ ಮೇಳ ಎಲ್ಲಿಗೆ ಬಂದರೂ ರಾತ್ರಿಯಿಡೀ ನೋಡಿ, ಬೆಳಿಗ್ಗೆ ನೇರವಾಗಿ ತೋಟಕ್ಕಿಳಿಯುತ್ತಿದ್ದವನು. ಮಳೆಗಾಲದ ತಾಳಮದ್ದಳೆಯಲ್ಲಿ ಅರ್ಥದಾರಿಗಳ ಮಾತಿಗೆ ತಲೆದೂಗುತ್ತ ಮುಂದಿನ ಸಾಲಿನಲ್ಲೇ ಕುಳಿತಿರುತ್ತಿದ್ದನು. ಎರಡು ವರ್ಷಗಳಿಂದ ಎಲ್ಲಿಗೂ ಹೋಗಿಲ್ಲ. ಕೇಳಿದರೆ, “ಈಗಿನವರದ್ದು ಎಂತ ಅರ್ಥಗಾರಿಕೆ?” ಎಂಬ ಉತ್ತರ. ಕಿವಿಯ ವೈದ್ಯರಿಗೆ ತೋರಿಸೋಣವೆಂದರೆ ಎದ್ದು ಹೋಗಿಬಿಡುತ್ತಿದ್ದನು.

ಪೆಟ್ಟಿಗೆ ಆಕಾರಕ್ಕೆ ಬಂತು. ಚಿಪ್ಪಿನ ಮುಂದೆ ಪ್ಲೈವುಡ್ಡಿನ ಬಳೆಯೊಂದನ್ನು ಕಡ್ಡಿಗಳ ಮೇಲೆ ನಿಲ್ಲಿಸಿ, ಹಳೆಯ ಬನಿಯನ್ ಬಟ್ಟೆಯನ್ನು ಮದ್ದಳೆಗೆ ಚರ್ಮ ಬಿಗಿದಂತೆ ಎಳೆದು ಬಿಗಿದು, ರೆಸಿನ್ ಕುಡಿಸಿದನು. ಗಾತ್ರ ಅಳೆದ ಬಗೆ ನನಗೆ ಬಹಳ ಹಿಡಿಸಿತು. ಲೀಟರಿನ ಪಾತ್ರೆಯಿಂದ ಭತ್ತವನ್ನು ಎಣಿಸಿ ಎಣಿಸಿ ಪೆಟ್ಟಿಗೆಯೊಳಗೆ ಸುರಿದನು. ಸ್ಪೀಕರಿನ ಜೊತೆ ಬಂದ ಹಾಳೆ ಹೇಳಿದ್ದು 20 ಲೀಟರು, ಹಿಡಿಸಿದ್ದು 23. ಸ್ಪೀಕರಿನ ಬೆನ್ನು ತಾನೇ ಒಂದೂವರೆ ಲೀಟರು ನುಂಗುತ್ತದೆಂದು ಕಳೆದು, ಉಳಿದ ಒಂದೂವರೆಗೆ ಒಳಗೋಡೆಗೆ ಮರದ ತುಂಡುಗಳನ್ನು ಅಂಟಿಸಿದನು. ಗೋಡೆಗೂ ಅದರಿಂದ ಬಲ ಬಂತು. ಗೋಡೆ ಅದುರಿದರೆ ನಾದ ಕೆಡುತ್ತದಂತೆ. ಕಾಳು ಅಳೆಯುವ ಕೈಯಲ್ಲಿ ಖಾಲಿ ಜಾಗವನ್ನು ಅಳೆಯುವುದನ್ನು ನಾನು ನೋಡಿದ್ದು ಅದೇ ಮೊದಲು.

ಎಲ್ಲ ಜೋಡಿಸಿದ ಸಂಜೆ ಮಳೆ ಕೊಂಚ ಹೊಳವಾಗಿತ್ತು. ಹುಡುಗ ತಂದೆಯ ಬಳಿಗೆ ಹೋಗಿ, ಕಿವಿಯ ಹತ್ತಿರ ಬಾಗಿ, “ಅಪ್ಪಯ್ಯ, ಕಾರಲ್ಲಿ ಒಂಚೂರು ಕೂತ್ಕೋ ಬಾ” ಎಂದನು. ಯಾವುದೋ ಕುಣಿಯುವ ಹಾಡು ಬರುತ್ತದೆಂದು ನಾನು ಸಿದ್ಧನಾಗಿದ್ದೆ. ಬಂದದ್ದು ತಾಳಮದ್ದಳೆ. ಅಣ್ಣ ಮೆಚ್ಚುತ್ತಿದ್ದ ಹಳೆಯ ಧ್ವನಿಮುದ್ರಣಗಳನ್ನು ಅವನು ಹುಡುಕಿ ಹುಡುಕಿ ಕೂಡಿಹಾಕಿದ್ದನು. ಪೆಟ್ಟಿಗೆ ಯಾರಿಗಾಗಿ ಎಂಬುದು ನನಗೆ ತಿಳಿದದ್ದು ಆಗಲೇ.

ಮದ್ದಳೆಯ ಎಡದ ಮುಚ್ಚಿಗೆಯ ಪೆಟ್ಟು ಆಸನದ ಮೂಲಕ ಬೆನ್ನಿಗೆ, ಎದೆಗೆ ಬಂದು ತಟ್ಟಿತು. ಗಾಜು ನಡುಗಲಿಲ್ಲ, ಹೊರಗೆ ನಿಂತಿದ್ದ ಅತ್ತಿಗೆಗೆ ಕೇಳಿದ್ದೂ ಅಷ್ಟಕ್ಕಷ್ಟೆ. ಅಣ್ಣನ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಭಾಗವತರು ಪದ ಮುಗಿಸಿ, ಅರ್ಥ ಆರಂಭವಾಯಿತು. ಬೆರಳು ನಿಂತಿತು. ಸ್ವಲ್ಪ ಹೊತ್ತು ಮುಂದಿನ ಗಾಜನ್ನೇ ನೋಡುತ್ತಿದ್ದು, ನಿಧಾನವಾಗಿ ಹೇಳಿದನು: “ಮದ್ದಳೆ ಚೆಂದ ಕೇಳ್ತದೆ ಮಗ. ಮಾತು ಎಂತದೂ ತಿಳಿಯೋದಿಲ್ಲ.”

ಹುಡುಗನು ಕೈನೀಡಿ ಸದ್ದನ್ನು ಆರಿಸಿದನು. ಕಿವಿ ಮಂದವಾಗಿದೆಯೆಂಬ ಮಾತು ಅಣ್ಣನ ಬಾಯಿಂದ ಬಂದದ್ದು ಅದೇ ಮೊದಲು.

ಮುಂದಿನ ವಾರ ನಾವು ಮೂವರೂ ಅದೇ ಕಾರಿನಲ್ಲಿ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋದೆವು. ಕಿವಿಯ ಪರೀಕ್ಷೆ ಮಾಡಿದಾಕೆ ಒಂದು ನಕ್ಷೆ ಬರೆದು ತೋರಿಸಿದಳು. ಎಡಗಡೆ, ತಗ್ಗಿನ ನಾದಗಳಿರುವಲ್ಲಿ, ಗೆರೆ ಬಹುಮಟ್ಟಿಗೆ ಸಮವಾಗಿತ್ತು. ಬಲಗಡೆಗೆ ಬಂದಂತೆ ಘಟ್ಟ ಇಳಿದ ಹಾಗೆ ಇಳಿದುಹೋಗಿತ್ತು. ಯಂತ್ರದ ಗದ್ದಲವೂ ವಯಸ್ಸೂ ಮೊದಲು ಕದಿಯುವುದು ಮೇಲಿನ ನಾದಗಳನ್ನಂತೆ. ಮಾತಿನಲ್ಲಿ ಸ್ವರಗಳ ಬಲವೆಲ್ಲ ತಗ್ಗಿನಲ್ಲಿ. ಸಕಾರ ಶಕಾರಗಳು, ತಕಾರ ಕಕಾರಗಳು ನಿಲ್ಲುವುದು ಮೇಲೆ. ಎಂದರೆ ನನ್ನಣ್ಣನಿಗೆ ಸ್ವರಗಳು ಉಳಿದು ವ್ಯಂಜನಗಳು ಹೋಗಿದ್ದವು. ‘ಸಾರು’ ‘ಆರು’ ಆದದ್ದು ಅದರಿಂದ. ವರ್ಣಮಾಲೆಯ ಪಾಠ ಹೇಳಿ ಸಂಬಳ ಎಣಿಸುವವನಿಗೆ ಇದು ಎರಡು ವರ್ಷ ಹೊಳೆದಿರಲಿಲ್ಲ. ಪಾಪ, ಹುಡುಗ ತಿಂಗಳಿಡೀ ದುಡಿದು ಕಟ್ಟಿದ ಪೆಟ್ಟಿಗೆ ತಂದೆಗೆ ಕೊಟ್ಟದ್ದು, ತಂದೆ ಕಳೆದುಕೊಳ್ಳದೆ ಉಳಿಸಿಕೊಂಡಿದ್ದುದನ್ನೇ.

ಗೌರಿಹಬ್ಬದ ಹೊತ್ತಿಗೆ ಶ್ರವಣಯಂತ್ರ ಸಿದ್ಧವಾಯಿತು. ಅದನ್ನು ಹಾಕಿಸಿಕೊಂಡು ಹಿಂದಿರುಗುವಾಗ ಅಣ್ಣ ಉಜಿರೆಯವರೆಗೂ ಮೌನವಾಗಿದ್ದನು. ಎಲ್ಲವೂ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಕೇಳುತ್ತದೆಂದು ಒಮ್ಮೆ ಗೊಣಗಿದನು. ಘಟ್ಟ ಹತ್ತುವಾಗ ಮಳೆ ಹಿಡಿಯಿತು. ಹುಡುಗ ತಾಳಮದ್ದಳೆಯನ್ನು ಸಣ್ಣಗೆ ಹಚ್ಚಿದನು. ಎರಡು ತಿರುವು ಕಳೆದಿರಬಹುದು, ಅಣ್ಣ ತಟ್ಟನೆ ಕೈಯೆತ್ತಿದನು.

“ನಿಲ್ಸೋ. ನಿನ್ನ ಪೆಟ್ಟಿಗೆಯಲ್ಲಿ ಎಂತದೋ ಜಿರ್ರ್ ಅಂತ ಉಂಟು.”

ನಾನು ಕಿವಿಗೊಟ್ಟೆ. ನಿಜ, ಮದ್ದಳೆಯ ಪ್ರತಿ ಪೆಟ್ಟಿಗೂ ಸಣ್ಣದೊಂದು ತಗಡಿನ ಸದ್ದು. ಅದು ಮೊದಲಿನಿಂದಲೂ ಇದ್ದು ನಮಗಿಬ್ಬರಿಗೂ ಕೇಳಿಯೂ ಕೇಳದಂತಾಗಿತ್ತು. ಹುಡುಗನು ಕಾರನ್ನು ಬದಿಗೆ ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿದು ಮಳೆಯಲ್ಲೇ ಇಳಿದು ಡಿಕ್ಕಿ ತೆರೆದನು. ಅಣ್ಣ ಕಿಟಕಿಯ ಗಾಜಿಳಿಸಿ, ತಲೆ ಹೊರಗೆ ಹಾಕಿ, “ಅದಲ್ಲವೋ, ಎಡಗಡೆಯದ್ದು, ಎಡಗಡೆಯದ್ದು” ಎಂದು ಕೂಗಿ ಹೇಳುತ್ತಿದ್ದನು.